ಕದ್ರಿಯ ಲೋಕೇಶ್ವರ

ತುಳುನಾಡಿನಲ್ಲಿ ಒಂದು ಕಾಲಕ್ಕೆ ಬೌದ್ಧಮತವು ನೆಲೆಗೊಂಡಿದ್ದಿತೆಂಬ ಮಾತನ್ನು ಕೇಳಿದವರು ಬಹುಮಂದಿ. ಅದರ ಕುರುಹನ್ನು ಕಣ್ಣಾರೆ ಕಂಡು ವಿಚಾರಿಸಿದವರು ಕೆಲವರೇ. ಉಡುಪಿಯ ಕಡೆಯ ವಿದ್ಯಾವಂತ ಗೃಹಸ್ಥರು ರಜೆಯ ದಿನಗಳಲ್ಲಿ ಅಜಂತೆಯ ಗುಹೆಗಳನ್ನೂ ಸಾಂಚಿಯ ಸ್ತೂಪವನ್ನೂ ನೋಡಿ ಬರುವರು. ಕರ್ನಾಟಕದೊಳಗೇ ನೋಡಬೇಕೆಂಬವರು ಭೀಮಾನದಿಯ ತೀರದ ಸನ್ನತಿಗೆ ಹೋಗುವರು. ಅಲ್ಲಿ ೧೯೮೬ರಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿಯ ಗುಡಿಯ ಮಾಡು ಕುಸಿದಾಗ, ದೇವಿಯ ಪೀಠಕ್ಕೆ ಬಳಸಿದ್ದ ಕಲ್ಲಿನ ಮೇಲೆ ಅಶೋಕನ ಶಾಸನವು ಕಂಡುಬಂದಿತು. ಸಮೀಪದ ಕನಗನಹಳ್ಳಿಯ ಉತ್ಖನನದಿಂದ ಒಂದು ಮಹಾಸ್ತೂಪವೂ, ‘ರಾಯೊ ಅಸೋಕೊ’ ಎಂಬ ಬರಹವುಳ್ಳ ಅರಸನ ಶಿಲ್ಪವೂ ಬೆಳಕಿಗೆ ಬಂದುವು. ಅಲ್ಲಿಗೆ ಹೋಗಿ ಬಂದವರು ಮನೆಯ ಜಗಲಿಯಲ್ಲಿ ಕುಳಿತು, “ನಮ್ಮ ಕರಾವಳಿಯಲ್ಲಿ ಅಂತಹ ಅವಶೇಷ ಎಲ್ಲಿಯಾದರೂ ಉಂಟೆ?” ಎಂದು ಕೇಳುವುದುಂಟು.

ಉಂಟು. ಉಡುಪಿಯಿಂದ ಅರುವತ್ತು ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿ, ಮಂಗಳೂರಿನ ಕದ್ರಿಯ ಮಂಜುನಾಥ ದೇವಾಲಯದಲ್ಲಿ ಅದು ಇದೆ. ಬೆಳಗ್ಗೆ ಹೊರಟವನು ಅದನ್ನು ನೋಡಿ, ಬರುವಾಗ ಕಾರ್ಕಳದ ಮಾರ್ಗವಾಗಿ ತಿರುಗಿ, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು. ಆದರೆ ಹಾಳುಬಿದ್ದ ಗೋಡೆಗಳನ್ನೂ ಮುರಿದ ಕಂಬಗಳನ್ನೂ ನಿರೀಕ್ಷಿಸಿ ಹೋದ ಯಾತ್ರಿಕನಿಗೆ ಅಲ್ಲಿ ಆಶ್ಚರ್ಯವು ಕಾದಿರುತ್ತದೆ. ಅವನು ಅರಸಿಕೊಂಡು ಹೋದ ಮೂರ್ತಿಯ ಮುಂದೆ ದೀಪವು ಉರಿಯುತ್ತಿರುತ್ತದೆ, ಹೂವು ಏರಿರುತ್ತದೆ, ಭಕ್ತರು ಕೈಮುಗಿದು ಪ್ರದಕ್ಷಿಣೆ ಬರುತ್ತಿರುತ್ತಾರೆ.

ಈ ಕ್ಷೇತ್ರದ ವಿಷಯದಲ್ಲಿ ಎರಡು ಅಭಿಪ್ರಾಯಗಳು ಹಬ್ಬಿರುವುವು. ಅದು ಬೌದ್ಧರ ವಿಹಾರವಾಗಿದ್ದಿತು, ಶೈವರು ಅದನ್ನು ಕಿತ್ತುಕೊಂಡರು ಎಂಬುದು ಒಂದು. ಅದು ಆದಿಯಿಂದಲೂ ಶಿವಸ್ಥಾನವೇ, ಬೌದ್ಧರ ಹೆಸರನ್ನೆತ್ತುವುದು ಪಂಡಿತರ ಕಲ್ಪನೆ ಎಂಬುದು ಇನ್ನೊಂದು. ಒಂದನ್ನು ಹಿಡಿದವರು ನೆರೆಯವರನ್ನು ಅಪಹಾರಿಗಳೆನ್ನಬೇಕಾಗುವುದು; ಮತ್ತೊಂದನ್ನು ಹಿಡಿದವರು ಹಿರಿಯರು ಬರೆಯಿಸಿಟ್ಟ ಶಾಸನದ ಮಾತನ್ನೇ ಅಲ್ಲವೆನ್ನಬೇಕಾಗುವುದು. ಈ ಎರಡು ಕಷ್ಟಗಳಿಗೂ ಸಿಕ್ಕದ ದಾರಿಯೊಂದು ಇದೆಯೇ ಎಂಬುದು ಇಲ್ಲಿನ ವಿಚಾರ. ಸಾಕ್ಷ್ಯಗಳು ದಾರಿಯುದ್ದಕ್ಕೂ ಹರಡಿಕೊಂಡಿರುವುದರಿಂದ ಯಾತ್ರೆಯ ಕ್ರಮದಲ್ಲಿಯೇ ಅವನ್ನು ನೋಡುವುದು ಅನುಕೂಲ.

ಉಡುಪಿಯಿಂದ ತೆಂಕಣಕ್ಕೆ ಹೊರಟವನಿಗೆ ಮೊದಲು ಸಿಗುವುದು ಉದ್ಯಾವರ. ಈಗ ರಾಷ್ಟ್ರೀಯ ಹೆದ್ದಾರಿ ೬೬ರ ವಾಹನಗಳು ಅದನ್ನು ಕ್ಷಣಮಾತ್ರದಲ್ಲಿ ಹಿಂದಿಕ್ಕಿ ಸಾಗುತ್ತವೆ. ಆದರೆ ಎಂಟನೆಯ ಶತಮಾನದಲ್ಲಿ ಅದು ಉದಯಪುರವೆಂಬ ಹೆಸರಿನ ರಾಜಧಾನಿ. ಆಳುಪರೆಂಬ ಅರಸರ ನೆಲೆವೀಡು. ಆಳುಪರಲ್ಲಿಯೇ ಹುಟ್ಟಿದ ಕಲಹದಲ್ಲಿ ಮಡಿದ ವೀರರ ಶಿಲಾಲೇಖಗಳು ಅಲ್ಲಿ ದೊರೆತಿವೆ. ಸುಮಾರು ೪೫೦ರ ಹಲ್ಮಿಡಿ ಶಾಸನದಲ್ಲಿಯೇ ಈ ವಂಶದ ಹೆಸರು ಕಾಣುವುದು. ಆ ಮೇಲೆ ಹದಿನಾಲ್ಕನೆಯ ಶತಮಾನದವರೆಗೆ, ಕೆಲವೊಮ್ಮೆ ಸ್ವತಂತ್ರರಾಗಿ, ಕೆಲವೊಮ್ಮೆ ಸಾಮಂತರಾಗಿ, ಇವರು ಈ ಕರಾವಳಿಯನ್ನು ಆಳಿದರು. ಉದ್ಯಾವರ, ಬಾರಕೂರು, ಮಂಗಳೂರು ಇವು ಒಂದೊಂದು ಕಾಲದಲ್ಲಿ ಅವರ ರಾಜಧಾನಿಗಳಾಗಿದ್ದುವು. ಕದ್ರಿಯ ಶಾಸನವನ್ನು ಬರೆಯಿಸಿದವನೂ ಈ ವಂಶದವನೇ ಆದುದರಿಂದ, ಯಾತ್ರಿಕನು ಇಲ್ಲಿ ಆ ಹೆಸರನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಸಾಗತಕ್ಕದ್ದು.

ಇನ್ನು ಸ್ವಲ್ಪ ದೂರದಲ್ಲಿಯೇ ಕಾಪು. ೧೯೦೧ರಲ್ಲಿ ಬಂಡೆಯ ಮೇಲೆ ಕಟ್ಟಿದ ದೀಪಸ್ತಂಭವನ್ನೂ ಮಾರಿಗುಡಿಗಳನ್ನೂ ನೋಡಲು ಬರುವವರು ಈ ಊರಿನ ತಾಮ್ರಶಾಸನವನ್ನು ಅಷ್ಟಾಗಿ ಅರಿಯರು. ೧೫೫೬ರ ಆ ಶಾಸನವು ಕಾಪಿನ ಪ್ರಭು ಮದ್ದಹೆಗ್ಗಡೆಯು ಧರ್ಮನಾಥ ತೀರ್ಥಂಕರನ ಬಸದಿಗೆ ಭೂಮಿಯನ್ನು ಬಿಟ್ಟುದನ್ನು ಹೇಳುವುದು. ಶಾಸನಗಳ ಕೊನೆಯಲ್ಲಿ ದಾನವನ್ನು ಕೆಡಿಸಿದವನಿಗೆ ಶಾಪವನ್ನು ಬರೆಯುವುದು ಸಂಪ್ರದಾಯವಷ್ಟೆ. ಈ ಶಾಸನವು ಆ ಶಾಪವನ್ನು ಮತಾನುಸಾರವಾಗಿ ಹಂಚಿಕೊಡುತ್ತದೆ. ಜೈನನು ಕೆಡಿಸಿದರೆ ಬೆಳ್ಗೊಳದ ಗುಮ್ಮಟನನ್ನೂ ಇತರ ಜಿನಬಿಂಬಗಳನ್ನೂ ಒಡೆದ ಪಾಪ. ಶೈವನು ಕೆಡಿಸಿದರೆ ಗೋಕರ್ಣವೇ ಮೊದಲಾದ ಕ್ಷೇತ್ರಗಳ ಲಿಂಗಗಳನ್ನು ಒಡೆದ ಪಾಪ. ವೈಷ್ಣವನು ಕೆಡಿಸಿದರೆ ತಿರುಮಲೆಯೇ ಮೊದಲಾದ ವಿಷ್ಣುಸ್ಥಾನಗಳನ್ನು ಕೆಡಿಸಿದ ಪಾಪ. ಯಾರಿಗೆ ಯಾವುದು ಪ್ರಾಣಪ್ರಿಯವೋ ಅದರ ಮೇಲೆಯೇ ಆಣೆಯಿಟ್ಟಿರುವ ಈ ಜಾಣ್ಮೆಯು ಮೆಚ್ಚತಕ್ಕದ್ದು.

ಮೆಚ್ಚಿದ ಬಳಿಕ ಒಂದು ಪ್ರಶ್ನೆಯು ಏಳುವುದು. ಜೈನ, ಶೈವ, ವೈಷ್ಣವ ಎಂದು ಮೂರು ಮತಗಳ ಹೆಸರಿದೆ, ಬೌದ್ಧನ ಹೆಸರಿಲ್ಲ. ದಾನವನ್ನು ಕೆಡಿಸಬಹುದಾದವರನ್ನೆಲ್ಲ ಎಣಿಸುವಾಗ ಬೌದ್ಧನನ್ನು ಎಣಿಸುವ ಅಗತ್ಯವೇ ತೋರಲಿಲ್ಲವೆಂದರೆ, ೧೫೫೬ರ ವೇಳೆಗೆ ಈ ನಾಡಿನಲ್ಲಿ ಅವನು ಇರಲಿಲ್ಲವೆಂದೇ ಅರ್ಥಮಾಡಬೇಕಾಗುವುದು. ಹಾಗಾದರೆ ಅವನು ಎಲ್ಲಿಗೆ ಹೋದನು? ಈ ಪ್ರಶ್ನೆಯನ್ನು ಕಾಪುವಿನಿಂದ ಎತ್ತಿಕೊಂಡು ಹೋದವನಿಗೆ ಕದ್ರಿಯ ದರ್ಶನವು ಹೆಚ್ಚು ಫಲಪ್ರದವಾಗುವುದು.

ಮಂಗಳೂರು ನಗರವು ಸುತ್ತಲೂ ಬೆಳೆದಿದ್ದರೂ ಕದ್ರಿಯ ಗುಡ್ಡದ ಬುಡದಲ್ಲಿ ಮಂಜುನಾಥನ ಸನ್ನಿಧಿಯು ಪ್ರಶಾಂತವಾಗಿದೆ. ಮೇಲಿನ ಗೋಮುಖದಿಂದ ಇಳಿಯುವ ನೀರು ಕೆರೆಗಳನ್ನು ತುಂಬುವುದು. ಆ ತೀರ್ಥಕ್ಕೆ ಕಾಶೀಭಾಗೀರಥಿಯೆಂದು ಹೆಸರು. ಕೆರೆಗಳಲ್ಲಿ ಮಿಂದು ದೇವರ ದರ್ಶನಕ್ಕೆ ಹೋಗುವುದು ಭಕ್ತರ ರೂಢಿ. ಇನ್ನೂ ಮೇಲಕ್ಕೆ ಹತ್ತಿದರೆ ಮುರಕಲ್ಲಿನಲ್ಲಿ ಕೊರೆದ ಗುಹೆಗಳೂ, ಅದರಾಚೆಗೆ ಯೋಗಿಗಳ ಮಠವೂ ಸಿಗುವುವು. ಗುಹೆಗಳನ್ನು ಪಾಂಡವರ ಗುಹೆಗಳೆಂದು ಜನರು ಕರೆಯುವರು. ಇವುಗಳಲ್ಲಿ ಭಿಕ್ಷುಗಳು ವಾಸವಾಗಿದ್ದರೆಂದು ಹೇಳುವವರಿದ್ದಾರೆ. ಆದರೆ ಬರಹವಿಲ್ಲದ ಗುಹೆಯು ಯಾವ ಮತಕ್ಕೂ ಸಾಕ್ಷಿಯಾಗಲಾರದು. ಬರಹವಿರುವುದು ಕೆಳಗಿನ ದೇವಾಲಯದಲ್ಲಿ.

ಗರ್ಭಗೃಹದಲ್ಲಿರುವುದು ಮಂಜುನಾಥನ ಲಿಂಗ. ಅದರ ದರ್ಶನವನ್ನು ಮುಗಿಸಿ ಪ್ರದಕ್ಷಿಣೆ ಬರುವವನಿಗೆ ಕಂಚಿನ ದೊಡ್ಡ ವಿಗ್ರಹಗಳು ಕಾಣಸಿಗುವುವು. ಅವುಗಳಲ್ಲಿ ಪ್ರಧಾನವಾದುದು ಲೋಕೇಶ್ವರ. ಸುಮಾರು ಐದು ಅಡಿ ಎತ್ತರ. ಪದ್ಮಾಸನದಲ್ಲಿ ಕುಳಿತ ಭಂಗಿ. ಮೂರು ಮುಖಗಳು, ಆರು ಕೈಗಳು. ಮುಖದಲ್ಲಿ ಅರೆಮುಚ್ಚಿದ ಕಣ್ಣುಗಳ ಶಾಂತಿ. ದಕ್ಷಿಣದೇಶದ ಕಂಚಿನ ಶಿಲ್ಪಗಳಲ್ಲಿ ಇದಕ್ಕೆ ಸಮನಾದುವು ಕೆಲವೇ ಎಂಬುದನ್ನು ಕಲಾವಿಮರ್ಶಕರು ಒಪ್ಪಿರುವರು. ಎರಕ ಹೊಯ್ದ ಶಿಲ್ಪಿಯು ತನ್ನ ಹೆಸರನ್ನು ಎಲ್ಲಿಯೂ ಬರೆದಿಲ್ಲ. ಆದರೆ ಬರೆಯಿಸಿದ ಅರಸನು ತನ್ನ ಹೆಸರನ್ನೂ ಕಾಲವನ್ನೂ ಪೀಠದ ಮೇಲೆ ಸಂಸ್ಕೃತ ಪದ್ಯಗಳಲ್ಲಿ ಕೆತ್ತಿಸಿ ನಮಗೆ ಉಪಕಾರಮಾಡಿರುವನು.

ಆ ಪದ್ಯಗಳ ಸಾರಾಂಶ ಇಷ್ಟು: ಕಲಿಯುಗದ ೪೦೬೮ ವರ್ಷಗಳು ಕಳೆದಾಗ, ಆಳುಪೇಂದ್ರನಾದ ಕುಂದವರ್ಮನು, ಕದಿರಿಕಾ ಎಂಬ ಹೆಸರಿನ ಮನೋಹರವಾದ ವಿಹಾರದಲ್ಲಿ ಲೋಕೇಶ್ವರದೇವನ ಪ್ರತಿಷ್ಠೆಯನ್ನು ಮಾಡಿದನು. ಕಲಿಗಣನೆಯನ್ನು ತಿರುಗಿಸಿದರೆ ಕ್ರಿ. ಶ. ೯೬೮ ಆಗುವುದು. ದಿನ ತಪ್ಪದೆ ಪಂಚಾಂಗ ನೋಡುವ ಮನೆಗಳಲ್ಲಿ ಈ ಲೆಕ್ಕವನ್ನು ಮಕ್ಕಳೂ ಮಾಡಿ ನೋಡಬಹುದು.

ಇಷ್ಟೇ ಇದ್ದಿದ್ದರೆ ವಿವಾದಕ್ಕೆ ಎಡೆಯಿರಲಿಲ್ಲ. ಅದೇ ಶಾಸನವು ಕುಂದವರ್ಮನನ್ನು ಹೊಗಳುವಾಗ, ಅವನು ಬಾಲಚಂದ್ರನನ್ನು ಶಿಖಾಮಣಿಯಾಗಿ ಧರಿಸಿದವನ ಪಾದಕಮಲದಲ್ಲಿ ದುಂಬಿಯಂತಿರುವವನು ಎನ್ನುತ್ತದೆ. ಎಳೆಯ ಚಂದ್ರನನ್ನು ಮುಡಿಯಲ್ಲಿ ಧರಿಸಿದವನು ಶಿವನಲ್ಲದೆ ಇನ್ನಾರು? ಹೀಗಾಗಿ ಶಾಸನದ ಒಂದು ಪಾದವು ವಿಹಾರವನ್ನೂ, ಇನ್ನೊಂದು ಪಾದವು ಶಿವಭಕ್ತಿಯನ್ನೂ ಹೇಳುತ್ತದೆ. ಎರಡು ಪಕ್ಷದವರೂ ತಮಗೆ ಬೇಕಾದ ಪಾದವನ್ನು ಹಿಡಿದು ಎಳೆಯುತ್ತಿರುವರು. ಪದ್ಯವನ್ನು ಅನ್ವಯಿಸಿ ಅರ್ಥಮಾಡುವವನು ಒಂದು ಪದವನ್ನೂ ಬಿಡಲಾಗದೆಂಬುದು ಪಾಠಶಾಲೆಯ ಮೊದಲ ಪಾಠ. ಆದುದರಿಂದ ಎರಡೂ ಪಾದಗಳಿಗೆ ಒಟ್ಟಿಗೆ ಅರ್ಥ ಹೊಂದುವುದೇ ಎಂಬುದನ್ನು ನೋಡಬೇಕು.

ಮೊದಲು ಲೋಕೇಶ್ವರನೆಂದರೆ ಯಾರು? ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಲೋಕೇಶ ಎಂಬುದು ಬ್ರಹ್ಮನ ಹೆಸರೆಂದು ತಿಳಿದಿರುವುದು. ಮೂರು ಮುಖಗಳನ್ನು ಕಂಡವನು, ನಾಲ್ಕನೆಯದು ಹಿಂಬದಿಯಲ್ಲಿ ಅಡಗಿದೆಯೆಂದು ಭಾವಿಸಿ, ಈ ಮೂರ್ತಿಯನ್ನು ಬ್ರಹ್ಮನೆಂದು ತಿಳಿದರೆ ಅದರಲ್ಲಿ ಸೋಜಿಗವಿಲ್ಲ. ಆದರೆ ಮೂರ್ತಿಯ ಕಿರೀಟವನ್ನು ಗಮನಿಸಬೇಕು. ಅದರಲ್ಲಿ ಧ್ಯಾನಮುದ್ರೆಯಲ್ಲಿ ಕುಳಿತ ಬುದ್ಧನ ಚಿಕ್ಕ ಬಿಂಬವಿದೆ. ಮುಕುಟದಲ್ಲಿ ಅಮಿತಾಭಬುದ್ಧನನ್ನು ಧರಿಸಿದವನು ಅವಲೋಕಿತೇಶ್ವರ. ಲೋಕದ ದುಃಖವನ್ನು ಕರುಣೆಯಿಂದ ನೋಡುವ ಬೋಧಿಸತ್ತ್ವ. ಮಹಾಯಾನ ಬೌದ್ಧರು ಅವನನ್ನು ಲೋಕೇಶ್ವರನೆಂದೇ ಕರೆಯುವರು. ಬ್ರಹ್ಮನಿಗೆ ಈ ಲಾಂಛನವು ಸಲ್ಲದು.

ಹೆಸರಿನ ವಿಷಯದಲ್ಲಿ ಕರ್ನಾಟಕದಲ್ಲಿಯೇ ಇನ್ನೊಂದು ಪ್ರಮಾಣವಿದೆ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ ೧೦೬೫ರಲ್ಲಿ, ಎಂದರೆ ಕದ್ರಿಯ ಪ್ರತಿಷ್ಠೆಗೆ ೯೭ ವರ್ಷಗಳ ತರುವಾಯ, ಚಾಲುಕ್ಯ ಆಹವಮಲ್ಲನ ಅಧಿಕಾರಿ ರೂಪಭಟ್ಟಯ್ಯನು ಜಯಂತಿ ಬೌದ್ಧವಿಹಾರವನ್ನು ಕಟ್ಟಿಸಿದನು. ಅಲ್ಲಿನ ಪೂಜೆಗಾಗಿ ಬಿಟ್ಟ ದತ್ತಿಯಲ್ಲಿ ತಾರಾಭಗವತಿ, ಕೇಶವ, ಲೋಕೇಶ್ವರ, ಬೌದ್ಧದೇವ ಎಂಬ ಹೆಸರುಗಳು ಒಟ್ಟಿಗೆ ಬರುವುವು. ಲೋಕೇಶ್ವರನು ಬೌದ್ಧವಿಹಾರದ ದೇವತೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ಬೇಕಿಲ್ಲ. ಅದೇ ವಿಹಾರದಲ್ಲಿ ಕೇಶವನಿಗೂ ಪೂಜೆಯಿದ್ದಿತೆಂಬುದೂ ಮರೆಯತಕ್ಕದ್ದಲ್ಲ. ೧೦೯೫ರ ಡಂಬಳದ ಶಾಸನದಲ್ಲಿ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬುದ್ಧವಿಹಾರದ ಮತ್ತು ತಾರಾದೇವಿಯ ಪ್ರಸ್ತಾಪವಿದೆ. ಆದುದರಿಂದ ಹತ್ತು ಹನ್ನೊಂದನೆಯ ಶತಮಾನಗಳ ಕರ್ನಾಟಕಕ್ಕೆ ಬೌದ್ಧವಿಹಾರವು ಅಪರಿಚಿತವಾದುದಾಗಿರಲಿಲ್ಲ. ಕದಿರಿಕಾವಿಹಾರದಲ್ಲಿ ಪ್ರತಿಷ್ಠಿತನಾದ ಲೋಕೇಶ್ವರನು ಬೌದ್ಧಮೂರ್ತಿಯೆಂಬುದರಲ್ಲಿ ಸಂದೇಹಕ್ಕೆ ಕಾರಣವಿಲ್ಲ.

ಇನ್ನು ಶಿವಭಕ್ತನಾದ ಅರಸನು ಬೌದ್ಧಮೂರ್ತಿಯನ್ನು ಏಕೆ ಸ್ಥಾಪಿಸಿದನು? ಈ ಪ್ರಶ್ನೆಯು ಈಗಿನವರಿಗೆ ತೋರುವಷ್ಟು ಕಠಿನವಾಗಿ ಅಂದಿನವರಿಗೆ ತೋರುತ್ತಿರಲಿಲ್ಲ. ಏಳನೆಯ ಶತಮಾನದ ಹರ್ಷವರ್ಧನನು ತನ್ನ ತಾಮ್ರಶಾಸನಗಳಲ್ಲಿ ತನ್ನನ್ನು ಪರಮಮಾಹೇಶ್ವರನೆಂದೂ ತನ್ನ ಅಣ್ಣನನ್ನು ಪರಮಸೌಗತನೆಂದೂ ಕರೆದಿರುವನು. ಒಂದೇ ಮನೆಯಲ್ಲಿ ಶಿವಭಕ್ತನೂ ಬುದ್ಧಭಕ್ತನೂ ಇದ್ದರು. ಕದ್ರಿಯ ಕಾಲಕ್ಕೆ ಇನ್ನೂ ಹತ್ತಿರವಾದ ಉದಾಹರಣೆಯು ಚೋಳದೇಶದ್ದು. ತಂಜಾವೂರಿನ ಬೃಹದೀಶ್ವರನನ್ನು ಸ್ಥಾಪಿಸಿದ, ಶಿವಪಾದಶೇಖರನೆಂಬ ಬಿರುದು ಧರಿಸಿದ ರಾಜರಾಜಚೋಳನು, ಸಮುದ್ರದಾಚೆಯ ಶ್ರೀವಿಜಯದ ಅರಸನು ನಾಗಪಟ್ಟಣದಲ್ಲಿ ಕಟ್ಟಿಸಿದ ಚೂಡಾಮಣಿವಿಹಾರಕ್ಕೆ ೧೦೦೬ರ ಸುಮಾರಿಗೆ ಆನೈಮಂಗಲವೆಂಬ ಗ್ರಾಮವನ್ನು ದಾನಮಾಡಿದನು. ಅವನ ಶಿವಭಕ್ತಿಗೆ ಅದರಿಂದ ಕುಂದು ಬಂದಿತೆಂದು ಯಾರೂ ಹೇಳಲಿಲ್ಲ. ಪ್ರಜೆಗಳ ದೇವಸ್ಥಾನಗಳನ್ನೆಲ್ಲ ಪೊರೆಯುವುದು ರಾಜಧರ್ಮ. ಇಷ್ಟದೇವತೆಯನ್ನು ಭಜಿಸುವುದು ಸ್ವಧರ್ಮ. ಕುಂದವರ್ಮನ ಶಾಸನದಲ್ಲಿ ಎರಡೂ ಒಂದಾಗಿ ನಿಂತಿವೆ. ಹೀಗೆ ಅನ್ವಯಿಸಿದರೆ ಯಾವ ಪದವನ್ನೂ ತಳ್ಳಬೇಕಾದುದಿಲ್ಲ.

ಆದರೂ ವಿಹಾರವು ಶಿವಾಲಯವಾದುದು ಹೇಗೆ ಎಂಬ ಮಾತು ಉಳಿಯಿತು. ಇದಕ್ಕೆ ಗುಡ್ಡದ ಮೇಲಿನ ಯೋಗಿಮಠವು ಒಂದು ಸುಳಿವನ್ನು ಕೊಡುತ್ತದೆ. ಅದು ಮತ್ಸ್ಯೇಂದ್ರನಾಥ ಮತ್ತು ಗೋರಕ್ಷನಾಥರ ಪರಂಪರೆಯ ನಾಥಪಂಥದ ಮಠ. ಹನ್ನೆರಡು ವರ್ಷಗಳಿಗೊಮ್ಮೆ, ನಾಸಿಕದ ಕುಂಭಮೇಳವಾದ ಬಳಿಕ, ತ್ರ್ಯಂಬಕೇಶ್ವರದಿಂದ ಯೋಗಿಗಳ ಗುಂಪು ಕಾಲ್ನಡಿಗೆಯಿಂದ ಹೊರಟು ಕದ್ರಿಗೆ ಬಂದು, ಅಲ್ಲಿನ ಪೀಠಕ್ಕೆ ಹೊಸ ಒಡೆಯನನ್ನು ಅಭಿಷೇಕಿಸುವ ಪದ್ಧತಿಯು ಇಂದಿಗೂ ನಡೆಯುತ್ತಿದೆ. ಪುರಾಣಕಥೆಯ ಕದಲೀವನವು ಇದೇ ಎಂಬುದು ಅವರ ನಂಬಿಕೆ. ನಾಥಪಂಥವು ಶೈವವೇ ಆದರೂ ಬೌದ್ಧರ ಸಿದ್ಧಪರಂಪರೆಯೊಡನೆ ಅದರ ನಂಟು ಹಳೆಯದು. ಎಂಬತ್ತನಾಲ್ಕು ಸಿದ್ಧರ ಪಟ್ಟಿಯಲ್ಲಿ ಮೀನನಾಥ ಗೋರಕ್ಷರ ಹೆಸರುಗಳನ್ನು ಬೌದ್ಧರೂ ಹೇಳುವರು.

ಈ ನಂಟು ಎಷ್ಟು ಆಳವಾದುದೆಂಬುದನ್ನು ನೇಪಾಳದಲ್ಲಿ ನೋಡಬಹುದು. ಅಲ್ಲಿಯ ಪಾಟನ ನಗರದಲ್ಲಿ ಪ್ರತಿವರ್ಷವೂ ಎತ್ತರವಾದ ರಥದಲ್ಲಿ ಕೆಂಪುಬಣ್ಣದ ದೇವನೊಬ್ಬನ ಉತ್ಸವವಾಗುವುದು. ಅವನನ್ನು ಬೌದ್ಧರು ಕರುಣಾಮಯ ಲೋಕೇಶ್ವರನೆಂದು ಪೂಜಿಸುವರು. ಹಿಂದುಗಳು ಮತ್ಸ್ಯೇಂದ್ರನಾಥನೆಂದು ಪೂಜಿಸುವರು. ಮೂರ್ತಿ ಒಂದೇ, ರಥ ಒಂದೇ, ಹಗ್ಗವನ್ನು ಎಳೆಯುವ ಕೈಗಳು ಎರಡೂ ಕಡೆಯವು. ಹಿಮಾಲಯದ ತಪ್ಪಲಲ್ಲಿ ಇಂದಿಗೂ ಕಣ್ಣೆದುರಿಗಿರುವ ಈ ಸಂಗತಿಯು, ಲೋಕೇಶ್ವರನೂ ನಾಥಯೋಗಿಗಳೂ ಒಂದೇ ಗುಡ್ಡದಲ್ಲಿ ಕೂಡಿದ ಕದ್ರಿಯಲ್ಲಿ ಏನು ನಡೆದಿರಬಹುದೆಂಬುದನ್ನು ಊಹಿಸಲು ಸಹಾಯವಾಗುವುದು. ಭಿಕ್ಷುಗಳ ಸಂಖ್ಯೆ ಕ್ಷೀಣಿಸಿದಂತೆ ಯೋಗಿಗಳು ಸ್ಥಾನವನ್ನು ನೋಡಿಕೊಂಡರು, ಪೂಜೆ ತಪ್ಪಲಿಲ್ಲ, ಮೂರ್ತಿ ಕದಲಲಿಲ್ಲ, ಅದನ್ನು ಕರೆಯುವ ಹೆಸರು ಮಾತ್ರ ಮೆಲ್ಲಮೆಲ್ಲನೆ ಬದಲಾಯಿತು. ಇದು ಊಹೆಯೇ ಸರಿ. ಆದರೆ ಕಿತ್ತುಕೊಂಡರೆಂಬ ಊಹೆಗೆ ಇರುವುದಕ್ಕಿಂತ ಇದಕ್ಕೆ ಆಧಾರವು ಹೆಚ್ಚು. ಬಲಾತ್ಕಾರದಿಂದ ಸ್ಥಾನವನ್ನು ಹಿಡಿದವರು ಬುದ್ಧನ ಬಿಂಬವಿರುವ ಮುಕುಟವನ್ನು ಹಾಗೆಯೇ ಉಳಿಸಿ, ವಿಹಾರವೆಂಬ ಹೆಸರಿರುವ ಪೀಠಕ್ಕೆ ಆರತಿಯೆತ್ತುತ್ತಿದ್ದರೆಂದು ನಂಬುವುದು ಕಷ್ಟ.

ಮಂಜುನಾಥನೆಂಬ ಹೆಸರಿನ ಮೇಲೆಯೂ ಚರ್ಚೆ ನಡೆದಿದೆ. ಈ ಕ್ಷೇತ್ರದ ಬೌದ್ಧಮೂಲವನ್ನು ಪ್ರತಿಪಾದಿಸಿದವರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಪ್ರಮುಖರು. ಮಂಜುಘೋಷ, ಮಂಜುಶ್ರೀ ಎಂಬ ಬೋಧಿಸತ್ತ್ವನ ಹೆಸರು ನಾಥಪಂಥದ ಸಂಪರ್ಕದಿಂದ ಮಂಜುನಾಥವಾಯಿತೆಂಬ ಪಕ್ಷವು ಆಕರ್ಷಕವಾದುದು. ಆದರೆ ಶಬ್ದಸಾದೃಶ್ಯವೊಂದರಿಂದಲೇ ಇತಿಹಾಸವನ್ನು ಕಟ್ಟಲಾಗದು. ಕುಂದವರ್ಮನ ಶಾಸನದಲ್ಲಿ ಹೆಸರಿಸಿರುವುದು ಲೋಕೇಶ್ವರನನ್ನು, ಮಂಜುನಾಥನನ್ನಲ್ಲ. ಹೆಸರಿನ ಮೂಲವೇನೇ ಇರಲಿ, ಅದು ಮುಂದೆ ನಡೆದ ದಾರಿಯು ಗಮನಾರ್ಹವಾದುದು. ಧರ್ಮಸ್ಥಳದ ಮಂಜುನಾಥಲಿಂಗವನ್ನು ಅಣ್ಣಪ್ಪನು ಕದ್ರಿಯಿಂದ ತಂದನೆಂದೂ, ಹದಿನಾರನೆಯ ಶತಮಾನದ ಶ್ರೀ ವಾದಿರಾಜತೀರ್ಥರು ಅದನ್ನು ಪುನಃ ಪ್ರತಿಷ್ಠಿಸಿ ಕುಡುಮವೆಂಬ ಆ ಊರಿಗೆ ಧರ್ಮಸ್ಥಳವೆಂದು ಹೆಸರಿಟ್ಟರೆಂದೂ ಸಂಪ್ರದಾಯವಿದೆ. ಅಲ್ಲಿ ದೇವರು ಶಿವ, ಅರ್ಚಕರು ವೈಷ್ಣವರು, ಧರ್ಮಾಧಿಕಾರಿಗಳು ಜೈನರು. ಕದ್ರಿಯಿಂದ ಹೊರಟ ಹೆಸರಿಗೆ ಇಂತಹ ಮನೆಯು ಸಿಕ್ಕಿದುದು ಉಚಿತವೇ ಆಗಿದೆ.

ಮಧ್ಯಾಹ್ನವಾದ ಮೇಲೆ ಯಾತ್ರಿಕನು ಬಂದ ದಾರಿಯಲ್ಲಿ ಹಿಂದಿರುಗದೆ ಮೂಡುಬಿದಿರೆಯ ಮಾರ್ಗವಾಗಿ ಕಾರ್ಕಳಕ್ಕೆ ಬರುವುದು ಒಳಿತು. ಕದ್ರಿಯಲ್ಲಿ ಬೌದ್ಧಮತದ ಗತಿಯನ್ನು ನೋಡಿದವನು ಜೈನಮತದ ಗತಿಯನ್ನು ಅದರೊಡನೆ ಹೋಲಿಸದಿದ್ದರೆ ವಿಚಾರವು ಪೂರ್ಣವಾಗಲಾರದು. ಮೂಡುಬಿದಿರೆಯಲ್ಲಿ ೧೪೩೦ರಲ್ಲಿ ಆರಂಭವಾದ ಸಾವಿರಕಂಬದ ಬಸದಿ. ಕಾರ್ಕಳದ ಬಂಡೆಯ ಮೇಲೆ ೧೪೩೨ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಸುಮಾರು ೪೨ ಅಡಿಯ ಗೊಮ್ಮಟ. ಅದಕ್ಕೆ ಎದುರಾಗಿ ೧೫೮೬ರಲ್ಲಿ ಇಮ್ಮಡಿ ಭೈರವನು ಕಟ್ಟಿಸಿದ ಚತುರ್ಮುಖ ಬಸದಿ. ಕದ್ರಿಯ ಲೋಕೇಶ್ವರನು ತನ್ನ ಹೆಸರನ್ನು ಮರೆತ ಭಕ್ತರ ನಡುವೆ ಕುಳಿತಿರುವಾಗ, ಕಾರ್ಕಳದ ಗೊಮ್ಮಟನು ತನ್ನ ಹೆಸರನ್ನು ಮರೆಯದ ಭಕ್ತರ ನಡುವೆ ನಿಂತಿರುವನು. ಎರಡೂ ಶ್ರಮಣಮತಗಳೇ, ಎರಡಕ್ಕೂ ವೈದಿಕರೊಡನೆ ವಾದವಿದ್ದುದೇ. ಒಂದು ಉಳಿಯಿತು, ಒಂದು ಕರಗಿತು, ಕಾರಣವೇನು?

ಜೈನರಿಗೆ ಈ ನಾಡಿನಲ್ಲಿ ಮುನಿಗಳಲ್ಲದೆ ಶ್ರಾವಕರೂ ಇದ್ದರು. ಕಾರ್ಕಳದ ಭೈರರಸರು, ಮೂಡುಬಿದಿರೆಯ ಚೌಟರು, ಕಾಪಿನ ಹೆಗ್ಗಡೆಗಳು, ವ್ಯಾಪಾರದ ಸೆಟ್ಟಿಗಳು, ಹೊಲಮನೆಯ ಒಕ್ಕಲುಗಳು, ಇವರೆಲ್ಲ ಮನೆಯೊಳಗೆ ಜಿನಧರ್ಮವನ್ನು ಆಚರಿಸುತ್ತಿದ್ದರು. ಮಕ್ಕಳಿಗೆ ಹೆಸರಿಡುವಾಗ, ಮದುವೆಮಾಡುವಾಗ, ವ್ರತ ಹಿಡಿಯುವಾಗ ಆ ಧರ್ಮವು ಅವರಿಗೆ ಬೇಕಾಗುತ್ತಿದ್ದಿತು. ಬೌದ್ಧಧರ್ಮದ ಬಲವು ಬಹುಮಟ್ಟಿಗೆ ಭಿಕ್ಷುಸಂಘದಲ್ಲಿದ್ದಿತು, ಸಂಘದ ಬಲವು ವಿಹಾರದಲ್ಲಿದ್ದಿತು. ವಿಹಾರವನ್ನು ನಂಬಿದ ಗೃಹಸ್ಥನು ಮನೆಯ ಕರ್ಮಗಳಿಗೆ ಬ್ರಾಹ್ಮಣನನ್ನೇ ಕರೆಯುತ್ತಿದ್ದನು. ಆದುದರಿಂದ ಸಂಘವು ಚದುರಿದಾಗ ಹೊರಗೆ ಬೌದ್ಧನೆಂದು ಹೇಳಿಕೊಳ್ಳುವವರೇ ಉಳಿಯಲಿಲ್ಲ. ಭಾರತದ ಇತರ ಭಾಗಗಳಲ್ಲಿಯೂ ಪಂಡಿತರು ಗುರುತಿಸಿರುವ ಈ ಕಾರಣವು ಕಾರ್ಕಳದ ಬಂಡೆಯ ಮೇಲೆ ನಿಂತು ಯೋಚಿಸುವವನಿಗೆ ಬಹು ಸ್ಪಷ್ಟವಾಗುವುದು.

ಕಾರ್ಕಳದ ಸೀಮೆಯಲ್ಲಿ ಪಳ್ಳಿ ಎಂಬ ಗ್ರಾಮವಿದೆ. ಪಳ್ಳಿಯೆಂದರೆ ಹಿಂದೆ ಶ್ರಮಣರ ವಸತಿಯೆಂಬ ಅರ್ಥವಿದ್ದುದರಿಂದ, ಇಂತಹ ಊರುಗಳಲ್ಲೆಲ್ಲ ಬೌದ್ಧರಿದ್ದರೆಂದು ಹೇಳುವ ಉತ್ಸಾಹಿಗಳುಂಟು. ಪಳ್ಳಿಗೆ ಹಳ್ಳಿಯೆಂಬ ಅರ್ಥವೂ ಇದೆ. ಜೈನರ ವಸತಿಗೂ ಆ ಹೆಸರು ಸಲ್ಲುವುದು. ಶಾಸನವಾಗಲಿ ಮೂರ್ತಿಯಾಗಲಿ ದೊರೆಯುವ ತನಕ ಊರಿನ ಹೆಸರು ಪ್ರಶ್ನೆಯನ್ನು ಹುಟ್ಟಿಸಬಹುದೇ ಹೊರತು ಉತ್ತರವನ್ನು ಕೊಡಲಾರದು. ಕದ್ರಿಯ ಸಾಕ್ಷ್ಯಕ್ಕೆ ಬೆಲೆ ಬಂದಿರುವುದು ಅಲ್ಲಿ ಮೂರ್ತಿ, ಹೆಸರು, ಕಾಲ ಈ ಮೂರೂ ಒಂದೇ ಪೀಠದಲ್ಲಿ ಕೂಡಿರುವುದರಿಂದ.

ಕಾರ್ಕಳದಿಂದ ಹೊರಟು, ಈಗ ವಿದ್ಯಾಸಂಸ್ಥೆಗಳಿಂದ ಜಗತ್ಪ್ರಸಿದ್ಧವಾದ ಮಣಿಪಾಲದ ಗುಡ್ಡವನ್ನು ಇಳಿದರೆ ಉಡುಪಿ. ಅಷ್ಟಮಠಗಳ ಈ ಕ್ಷೇತ್ರಕ್ಕೂ ಬೌದ್ಧರಿಗೂ ಏನು ಸಂಬಂಧವೆಂದು ಕೇಳಬಹುದು. ನಾರಾಯಣಪಂಡಿತಾಚಾರ್ಯರ ಸುಮಧ್ವವಿಜಯದಲ್ಲಿ, ಶ್ರೀಮದಾಚಾರ್ಯರು ಸಂನ್ಯಾಸವನ್ನು ಸ್ವೀಕರಿಸಿದ ಹೊಸತರಲ್ಲಿ ಬುದ್ಧಿಸಾಗರ, ವಾದಿಸಿಂಹ ಎಂಬ ಇಬ್ಬರು ವಾದಿಗಳು ಬಂದು ಸೋತ ಸಂಗತಿಯು ವರ್ಣ್ಯವಾಗಿದೆ. ಬುದ್ಧಿಸಾಗರನು ಬೌದ್ಧನೆಂದು ಸಂಪ್ರದಾಯವು ಹೇಳುತ್ತದೆ. ಇದರಂತೆ ಹದಿಮೂರನೆಯ ಶತಮಾನದಲ್ಲಿ ಈ ನಾಡಿಗೆ ಬೌದ್ಧಪಂಡಿತನು ಬಂದು ವಾದಮಾಡುವುದು ಅಸಂಭವವೆನಿಸಿರಲಿಲ್ಲ. ಮೂರು ಶತಮಾನಗಳ ತರುವಾಯ ಕಾಪಿನ ಶಾಸನದಲ್ಲಿ ಅವನಿಗೆ ಶಾಪವಿಡುವ ಅವಶ್ಯಕತೆಯೂ ಉಳಿಯಲಿಲ್ಲ. ಆ ನಡುವೆ ಬುದ್ಧನು ದಶಾವತಾರಗಳ ಸಾಲಿನಲ್ಲಿ ವಿಷ್ಣುವಾಗಿ ಮನೆಮನೆಯ ಸಂಕಲ್ಪದೊಳಗೂ ಸ್ತೋತ್ರದೊಳಗೂ ಸೇರಿದನು.

ಬೌದ್ಧನು ಎಲ್ಲಿಗೆ ಹೋದನೆಂಬ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಅವನು ಎಲ್ಲಿಗೂ ಹೋಗಲಿಲ್ಲ. ಇಲ್ಲಿಯೇ ಇದ್ದವರೊಡನೆ ಸೇರಿಹೋದನು. ಪಾಠಶಾಲೆಯ ಬಾಲಕನು ಅಮರಕೋಶದ ಸ್ವರ್ಗವರ್ಗವನ್ನು ಹೇಳುವಾಗ ಬ್ರಹ್ಮವಿಷ್ಣುಶಿವರ ಹೆಸರುಗಳಿಗಿಂತ ಮೊದಲು ಬುದ್ಧನ ಹೆಸರುಗಳನ್ನು ಹೇಳಿಕೊಂಡೇ ಮುಂದೆ ಹೋಗುವನು. ಬೌದ್ಧಗ್ರಂಥವನ್ನು ಕಂಡೇ ಇರದ ಎಷ್ಟೋ ಅಗ್ರಹಾರಗಳು ನೂರಾರು ವರ್ಷ ಆ ಹೆಸರುಗಳನ್ನು ಬಾಯಲ್ಲಿ ಕಾಪಾಡಿಕೊಂಡು ಬಂದಿವೆ. ಕದ್ರಿಯ ಅರ್ಚಕರ ಕೈಗಳೂ ಲೋಕೇಶ್ವರನಿಗೆ ಅದೇ ಉಪಕಾರವನ್ನು ಮಾಡಿವೆ. ಸನ್ನತಿಯ ಸ್ತೂಪವು ಮಣ್ಣಿನೊಳಗೆ ಉಳಿಯಿತು. ಕದ್ರಿಯ ಮೂರ್ತಿಯು ಪೂಜೆಯೊಳಗೆ ಉಳಿಯಿತು. ಭೂಮಿಯಲ್ಲಿ ಹೂತುಹೋಗದೆ, ಕರಗಿಸಿ ಪಾತ್ರೆಯಾಗದೆ, ಸಾವಿರದ ಐವತ್ತು ವರ್ಷಗಳಿಗೂ ಮೀರಿ ಕಂಚಿನ ವಿಗ್ರಹವೊಂದು ನಿಂತಿದ್ದರೆ ಅದಕ್ಕೆ ಅದರ ಮುಂದೆ ದೀಪವಿಟ್ಟವರೇ ಕಾರಣರು. ಅವರನ್ನು ಅಪಹಾರಿಗಳೆನ್ನುವುದು ಕೃತಘ್ನತೆ.

ಆದರೆ ಕೃತಜ್ಞತೆಗೆ ಇನ್ನೊಂದು ಮಗ್ಗುಲೂ ಇದೆ. ಕುಂದವರ್ಮನು ವಿಹಾರವೆಂದು ಬರೆಯಿಸಿದುದನ್ನು ವಿಹಾರವೆಂದೇ ಓದಬೇಕು. ಲೋಕೇಶ್ವರನೆಂದು ಬರೆಯಿಸಿದುದನ್ನು ಲೋಕೇಶ್ವರನೆಂದೇ ಹೇಳಬೇಕು. ಮಕ್ಕಳನ್ನು ಕೈಹಿಡಿದು ಕದ್ರಿಗೆ ಕರೆದೊಯ್ಯುವ ತಂದೆತಾಯಿಗಳು ಲಿಂಗಕ್ಕೆ ಕೈಮುಗಿಸಿದ ಬಳಿಕ ಆ ಮೂರ್ತಿಯ ಮುಂದೆ ಒಂದು ನಿಮಿಷ ನಿಲ್ಲಿಸಿ, ಅದರ ಮುಕುಟದಲ್ಲಿ ಕುಳಿತವನು ಯಾರೆಂದು ತೋರಿಸಿಕೊಟ್ಟರೆ ಯಾವ ಭಕ್ತಿಗೂ ಲೋಪ ಬರಲಾರದು. ಶಿವನ ಪಾದದ ದುಂಬಿಯೆಂದು ತನ್ನನ್ನು ಹೇಳಿಕೊಂಡ ಅರಸನೇ ಬೋಧಿಸತ್ತ್ವನನ್ನು ಸ್ಥಾಪಿಸಿ ನಾಚದೆ ಎರಡನ್ನೂ ಒಂದೇ ಪೀಠದಲ್ಲಿ ಬರೆಯಿಸಿರುವಾಗ, ಅವನ ನಾಡಿನವರು ಅದನ್ನು ಓದಲು ಅಂಜಬೇಕಾದುದಿಲ್ಲ.